ಸಾಣಿಗೆಯ ಸಮುದ್ರ

ನಮ್ಮ ಗೋದಾಮಿನ ಬಾಗಿಲನ್ನು ನಾನು ಕಟ್ಟಿಸಿದ್ದು ಚೀಲ ಹೊತ್ತ ಹಮಾಲನ ಎತ್ತರಕ್ಕೆ. ಚೀಲ ಹೊತ್ತವನು ಹೇಗೂ ಬಾಗಿರುತ್ತಾನೆ, ಮೇಲೆ ಇನ್ನೊಂದು ಸಾಲು ಕಲ್ಲು ದಂಡ ಎಂಬುದು ನನ್ನ ಲೆಕ್ಕ. ಆ ಹುಡುಗ ಬಂದ ದಿನವೇ ಆ ಬಾಗಿಲಿಗೆ ಹಣೆ ಬಡಿದುಕೊಂಡ. ಸಪ್ಪಳಕ್ಕೆ ತೊಲೆಯ ಮೇಲಿನ ಪಾರಿವಾಳಗಳೆಲ್ಲ ಎದ್ದವು. ಅವನು ಹಣೆ ಉಜ್ಜಿಕೊಳ್ಳಲಿಲ್ಲ. ಬಡಿದ ಕಲ್ಲನ್ನೇ ಅಂಗೈಯಿಂದ ಒಮ್ಮೆ ಸವರಿ, ನೋವಾದದ್ದು ಅದಕ್ಕೆ ಎನ್ನುವ ಹಾಗೆ ನೋಡಿ, ನಕ್ಕ. ಜನ್ಮವೆಲ್ಲ ಮನುಷ್ಯರ ಮುಖ ನೋಡಿ ದರ ಕಟ್ಟಿದವನು ನಾನು. ಈ ಮುಖಕ್ಕೆ ದರ ಕಟ್ಟಲು ನನಗೆ ಒಡನೆ ಆಗಲಿಲ್ಲ.

ಅಣ್ಣಿಗೇರಿಯಲ್ಲಿ ನನ್ನದು ಕಾಳಿನ ದಲಾಲಿ ಅಂಗಡಿ. ಇದೇ ಪೇಟೆಯಲ್ಲಿ ಮೊದಲು ಚೀಲ ಹೊತ್ತೆ, ಆಮೇಲೆ ತೂಗುವವನಾದೆ, ಆಮೇಲೆ ಕೊಳ್ಳುವವನಾದೆ. ಗೋದಾಮಿನ ಮೇಲೆ ಒಂದು ಕೋಣೆ ಇದೆ. ಅದನ್ನು ಕೇಳಿಕೊಂಡು ಬಂದವಳು ನಮ್ಮ ಓಣಿಯ ನರ್ಸಬಾಯಿ. ಅವಳು ಬೆಂಗಳೂರಿನ ಆಸ್ಪತ್ರೆಯಲ್ಲಿ ದುಡಿದು, ಅಲ್ಲಿರುವಾಗಲೇ ಕ್ರಿಸ್ತನನ್ನು ನಂಬುವ ಮಾರ್ಮನ್ ಎಂಬ ಪಂಥಕ್ಕೆ ಸೇರಿ, ನಿವೃತ್ತಿಯಾದ ಮೇಲೆ ತವರೂರಿಗೆ ಮರಳಿದವಳು. ಮೊಣಕಾಲು ಸೋತು ಎಲ್ಲಿಗೂ ಹೋಗಲಾರಳು. ಆ ಪಂಥದಲ್ಲಿ ಹರೆಯದ ಹುಡುಗರು ಎರಡು ವರ್ಷ ಮನೆ ಬಿಟ್ಟು, ಹಿರಿಯರು ಯಾವ ದೇಶಕ್ಕೆ ಕಳಿಸುತ್ತಾರೋ ಅಲ್ಲಿಗೆ ಹೋಗಿ ಸೇವೆ ಮಾಡುತ್ತಾರಂತೆ. ಅಂಥ ಇಬ್ಬರು ಬರುವವರಿದ್ದರು. ಭಾನುವಾರ ಇವಳಿಗೆ ಪ್ರಾರ್ಥನೆ ಹೇಳಿ ಒಂದು ತುಣುಕು ಬ್ರೆಡ್ಡು, ಒಂದು ಗುಟುಕು ನೀರು ಕೊಡುವುದು. ಉಳಿದ ದಿನ ಶಾಲೆಗೆ ಬಣ್ಣ ಹಚ್ಚುವುದು, ಗಟಾರ ತೆಗೆಯುವುದು, ಯಾರಿಗೆ ಏನು ಬೇಕೋ ಅದು.

"ನೋಡ ನರ್ಸಬಾಯಿ, ಮಂದಿನ್ನ ಜಾತಿ ಬಿಡಿಸಾಕ ಬಂದಾರ ಅಂತ ನಾಳೆ ಗದ್ಲ ಆದ್ರ?" ಎಂದೆ.

"ಕೇಳಿದವರಿಗೆ ಹೇಳತಾರ, ಕೇಳಲಾರದವರಿಗೆ ಕೆಲಸ ಮಾಡಿ ಕೊಡತಾರ. ಕಾಯ್ದೆ ಎಷ್ಟ್ ಐತಿ ಅಷ್ಟರೊಳಗ ಇರತಾರ. ನಿಮಗ ಬಾಡಿಗಿ ಬ್ಯಾಡಾಗಿದ್ರ ಹಂಗ ಹೇಳ್ರಿ."

ನನ್ನ ವೀಕ್‌ನೆಸ್ಸು ಅವಳಿಗೆ ಗೊತ್ತಿತ್ತು. ಆದರೂ ನಾನು ಮೊದಲು ಪೊಲೀಸ್ ಠಾಣೆಗೆ ಹೋಗಿ ಅವರ ಕಾಗದಪತ್ರ ತೋರಿಸಿ ಬಂದೆ. ಮನೆ ಬಾಡಿಗೆಗೆ ಕೊಡುವವರು ಇದನ್ನು ಮರೆಯಬಾರದು. ಮೊದಲು ಠಾಣೆ, ಆಮೇಲೆ ಕೀಲಿಕೈ, ಆಮೇಲೆ ನಗು.

ಇಬ್ಬರಲ್ಲಿ ಒಬ್ಬ ನಮ್ಮ ದೇಶದವನೇ, ಆಂಧ್ರದ ಕಡೆಯ ಸಣಕಲು ಹುಡುಗ. ಸೇವೆಗೆ ಸೇರಿ ಒಂದು ವರ್ಷವಾಗಿತ್ತು, ಹಿಂದಿ ಚೆನ್ನಾಗಿತ್ತು, ಕನ್ನಡ ಅರ್ಧಂಬರ್ಧ. ಇನ್ನೊಬ್ಬ ಇವನು, ಆಗಷ್ಟೇ ಮನೆ ಬಿಟ್ಟು ಬಂದವನು. ಊರು ಯಾವುದು ಎಂದು ಕೇಳಿದಾಗ ಫೋನಿನಲ್ಲಿ ನಕ್ಷೆ ತೆಗೆದ. ಎಲ್ಲಾ ನೀಲಿ. ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ಕೊನೆಗೆ ಕಡಲೆಕಾಳಿನಷ್ಟು ನೆಲ ಸಿಕ್ಕಿತು. ಅದೇ ಅವನ ದ್ವೀಪ. ಅದರ ಹೆಸರು ನನ್ನ ಬಾಯಿಗೆ ಬರಲಿಲ್ಲ, ಅವನ ಹೆಸರೂ ಬರಲಿಲ್ಲ. ನಮ್ಮ ಹಮಾಲ ಹುಸೇನಸಾಬ ಅವನನ್ನು ಮೊದಲ ಬಾರಿ ನೋಡಿದಾಗಲೇ ಪೈಲ್ವಾನ ಎಂದ, ಊರೆಲ್ಲ ಅದೇ ಆಯಿತು. ಹೆಸರಿಗೆ ತಕ್ಕ ಹಾಗೆ ಅವನ ಹೆಗಲು ಎತ್ತಿನ ಹಿಣಿಲಿನಂತಿತ್ತು, ಬಣ್ಣ ನಮ್ಮದೇ, ಕೂದಲು ಗುಂಗುರು. ಮೈಮೇಲೆ ಬಿಳಿ ಅಂಗಿ, ಕೊರಳಿಗೆ ಟೈ, ಎದೆಯ ಮೇಲೆ ಕರಿ ಪಟ್ಟಿ. ಆ ಪಟ್ಟಿಯ ಮೇಲೆ ಬರೆದದ್ದರ ಅರ್ಥ 'ಹಿರಿಯ' ಎಂದು ಆಂಧ್ರದ ಹುಡುಗ ಹೇಳಿದ. ಸೇವೆಗೆ ಬಂದವರನ್ನೆಲ್ಲ ಹಾಗೆಯೇ ಕರೆಯುವುದಂತೆ.

ಹುಸೇನಸಾಬ ಚೀಲ ಇಳಿಸಿ ನಗಲು ಶುರುಮಾಡಿದ. "ಏ ಮಾಲಕ್ರ, ಇದೇನ್ರಿ ಇದು? ಮೀಸಿ ಇನ್ನೂ ಮೂಡಿಲ್ಲ, ಎದಿ ಮ್ಯಾಲೆ ಹಿರೇರು ಅಂತ ಪಾಟಿ! ಹಂಗಾದ್ರ ನಾ ಏನಾದೆ, ಮುತ್ಯಾನ ಮುತ್ಯಾ?"

ಅರ್ಥವಾಗದಿದ್ದರೂ ಹುಡುಗನೂ ನಕ್ಕ. ಅವನ ನಗು ಹೊಟ್ಟೆಯಿಂದ ಹೊರಟು ಹೆಗಲಿಗೆ ಬರುವಷ್ಟರಲ್ಲಿ ನಮ್ಮ ನಗು ಮುಗಿದಿರುತ್ತಿತ್ತು.

ಅವರಿಬ್ಬರೂ ಒಬ್ಬರನ್ನೊಬ್ಬರು ಬಿಟ್ಟು ಎಲ್ಲಿಗೂ ಹೋಗುವಂತಿರಲಿಲ್ಲ. ಒಬ್ಬ ಕ್ಷೌರಕ್ಕೆ ಕೂತರೆ ಇನ್ನೊಬ್ಬ ಬಾಜುಕ್ಕೆ ಕೂತು ಗೋಡೆ ನೋಡುತ್ತಿದ್ದ. ಮಂದಿ ಇದಕ್ಕೆ ಏನೇನೋ ಕಥೆ ಕಟ್ಟಿದರು. ನನಗೆ ಮಾತ್ರ ಇದು ಮೊದಲ ದಿನವೇ ತಿಳಿಯಿತು. ಹೊಸ ಹೋರಿಯನ್ನು ಯಾರೂ ಒಂಟಿಯಾಗಿ ಹೂಡುವುದಿಲ್ಲ, ಹಾದಿ ಬಲ್ಲ ಎತ್ತಿನ ಜೋಡಿ ನೊಗಕ್ಕೆ ಕಟ್ಟುತ್ತಾರೆ. ಅವರ ಹಿರಿಯರು ಬುದ್ಧಿವಂತರು ಎಂದುಕೊಂಡೆ.

ಆದರೆ ಚಹದ ವಿಷಯದಲ್ಲಿ ಅವರ ಬುದ್ಧಿ ನಮ್ಮ ಮನೆಯೊಳಗೆ ಎಡವಿತು. ಅವರ ಪಂಥದಲ್ಲಿ ಚಹ, ಕಾಫಿ ವರ್ಜ್ಯ. ಅದು ನಮಗೆ ಗೊತ್ತಿರಲಿಲ್ಲ. ಮೊದಲ ಸಂಜೆ ನನ್ನ ಹೆಂಡತಿ ಏಲಕ್ಕಿ ಜಜ್ಜಿ ಹಾಕಿ ಮಾಡಿದ ಚಹವನ್ನು ತಟ್ಟೆಯಲ್ಲಿಟ್ಟು ತಂದಳು. ಹುಡುಗ ಎರಡೂ ಕೈ ಎತ್ತಿ, ತಲೆ ಅಲ್ಲಾಡಿಸಿ, ನಗುತ್ತಲೇ ಬೇಡವೆಂದ. ಅವಳು ತಟ್ಟೆಯನ್ನು ಹಾಗೆಯೇ ಒಳಗೆ ಒಯ್ದಳು. ನಾನು ಹಿಂದೆಯೇ ಹೋದೆ.

"ಆ ದೇಶಕ್ಕೂ ಮುಟ್ಟೇತೇನ್ರಿ ಇದು?" ಎಂದಳು. "ನಮ್ಮ ಕೈಯಾಂದು ಅವರಿಗೂ ಆಗಂಗಿಲ್ಲೇನು?"

ನಾವು ಬುದ್ಧನ ಪಟ ಹಾಕಿಕೊಂಡ ಮನೆಯವರು. ನಮ್ಮ ಹಿಂದಿನವರ ಅಂಗಳಕ್ಕೆ ಬಂದು, ಕೆಲಸ ಮುಗಿಸಿ, ಚಹ ಬೇಡ ಈಗಷ್ಟೇ ಆಯಿತು ಎಂದು ಎದ್ದು ಹೋದ ಮೇಲಿನ ಜಾತಿಯವರನ್ನು ಅವಳು ಮೊರಬದ ತವರಿನಲ್ಲಿ ಸಣ್ಣವಳಿದ್ದಾಗಿನಿಂದ ನೋಡಿದ್ದಳು. ಆ 'ಈಗಷ್ಟೇ ಆಯಿತು' ಎಂಬ ಮಾತಿಗೆ ಎಷ್ಟು ಮುಳ್ಳು ಇರುತ್ತವೆ ಎಂದು ಗೊತ್ತಿದ್ದವರಿಗೆ ಮಾತ್ರ ಗೊತ್ತು. ಆಂಧ್ರದ ಹುಡುಗ ಬಂದು ಹಿಂದಿಯಲ್ಲಿ ಎಷ್ಟು ಬಿಡಿಸಿ ಹೇಳಿದರೂ ಅವಳು ಒಲೆಯ ಕಡೆಗೇ ಮುಖ ಮಾಡಿ ನಿಂತಿದ್ದಳು. ಅಷ್ಟರಲ್ಲಿ ಈ ದೈತ್ಯ ಬಾಗಿಲಲ್ಲಿ ಬಗ್ಗಿ ಒಳಗೆ ಬಂದು, ಅವಳು ನೀರು ಕುಡಿದು ಇಟ್ಟಿದ್ದ ತಂಬಿಗೆಯನ್ನೇ ಎತ್ತಿ ಗಟಗಟ ಕುಡಿದ. ಆಮೇಲೆ ರೊಟ್ಟಿ ಬುಟ್ಟಿಯ ಕಡೆ ಬೆರಳು ತೋರಿಸಿದ. ಅವಳು ಕೊಟ್ಟಷ್ಟೂ ತಿಂದ. ಅವಳ ಮುಖ ಸಡಿಲಾಯಿತು, ಆದರೆ ಪೂರ್ತಿ ಆಗಲಿಲ್ಲ. "ಉಂಡಾನ ಖರೆ. ಆದ್ರ ಚಾ ಅನ್ನೂದು ಬ್ಯಾರೇನ ಐತಿ ನೋಡ್ರಿ," ಎಂದಳು.

ಕೆಲವು ದಿನ ಕಳೆಯಿತು. ನಾನು ಗಮನಿಸಿದೆ, ಹುಡುಗನ ಕಣ್ಣುಗಳು ಕೆಂಪಾಗುತ್ತಿವೆ. ಹಗಲು ಗಟಾರದಲ್ಲಿ ಸೊಂಟದವರೆಗೆ ಇಳಿದು ಕೆಲಸ ಮಾಡುತ್ತಾನೆ, ಮಕ್ಕಳನ್ನು ಭುಜದ ಮೇಲೆ ಕೂರಿಸಿಕೊಳ್ಳುತ್ತಾನೆ, ಆದರೆ ನಗು ಹೊಟ್ಟೆಯಿಂದ ಹೊರಡುವುದೇ ನಿಂತಿದೆ. ವಾರಕ್ಕೊಮ್ಮೆ ತಾಯಿಯ ಜೊತೆ ಫೋನಿನಲ್ಲಿ ಮುಖ ನೋಡಿ ಮಾತಾಡಲು ಅವರಿಗೆ ಅಪ್ಪಣೆ. ಮಾತಾಡುವಾಗ ಹಲ್ಲು ಕಾಣುವಂತೆ ನಗುತ್ತಿದ್ದ. ಫೋನ್ ಇಟ್ಟ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದ.

"ಏನಾಗೇತಿ ಇವಂಗ?" ಎಂದು ಜೋಡಿಯವನನ್ನು ಕೇಳಿದೆ.

"ನಿದ್ದಿ ಬರ್ತಿಲ್ಲ ಸಾರ್. ಇಲ್ಲಿ ಸೌಂಡ್ ಇಲ್ಲ ಅಂತಾನೆ."

"ಸೌಂಡ್ ಇಲ್ಲ? ಬಾಜುಕ ರೈಲ್ ಹೋಗತೈತಿ, ನಾಯಿ ಬೊಗಳತಾವ, ಇನ್ನೇನ್ ಬ್ಯಾಂಡ್ ಹಚ್ಚಬೇಕೇನ?"

"ಸಮುದ್ರ ಸಾರ್. ಹುಟ್ಟಿದಾಗಿಂದ ಕಿವಿಯಲ್ಲಿ ಅದೇ ಇತ್ತಂತೆ. ಈಗ ಮಲಗಿದ್ರೆ ಯಾರೋ ಜಗತ್ತು ಬಂದ್ ಮಾಡಿದ ಹಾಗೆ ಆಗುತ್ತೆ ಅಂತಾನೆ. ವಾಪಸ್ ಹೋಗ್ತೀನಿ ಅಂತಿದ್ದಾನೆ."

ನಾನು ಸಮುದ್ರ ನೋಡಿದವನಲ್ಲ. ಕಾರವಾರವೇನು ದೂರವಿಲ್ಲ, ಆದರೆ ಅಲ್ಲಿ ಕಾಳಿನ ಪೇಟೆ ಇಲ್ಲ, ಹೋಗುವ ಪ್ರಸಂಗ ಬರಲಿಲ್ಲ. ಹಾಗಾಗಿ ನಾನು ನನಗೆ ತಿಳಿದ ಮಾತು ಹೇಳಿದೆ. ಕೈಯಲ್ಲಿದ್ದ ಮಾಲು ಕೆಡುತ್ತಿದ್ದರೆ ಕಟ್ಟಿಕೊಂಡು ಕೂರಬಾರದು, ಬಂದ ದರಕ್ಕೆ ಬಿಟ್ಟು ಮನೆಗೆ ಹೋಗಬೇಕು. ಈ ಸಲಹೆ ನಾನು ಎಷ್ಟೋ ಮಂದಿಗೆ ಕೊಟ್ಟಿದ್ದೇನೆ, ಕೇಳಿದವರು ಉಳಿದಿದ್ದಾರೆ. "ಬ್ಯಾಸರಾದ್ರ ಹೋಗಲೇಳು. ನಾ ಬಾಡಿಗಿ ಜಗ್ಗಾಡಂಗಿಲ್ಲ," ಎಂದೆ.

ಆಗ ಜೋಡಿಯವನು ಇನ್ನೊಂದು ವಿಷಯ ಹೇಳಿದ. ಅವರ ದ್ವೀಪದಲ್ಲಿ ಸೇವೆಗೆ ಹೊರಟವನನ್ನು ಊರಿಗೆ ಊರೇ ದಂಡೆಗೆ ಬಂದು ಹಾಡಿ ಕಳಿಸುತ್ತದಂತೆ. ಎರಡು ವರ್ಷ ಮುಗಿಸಿ ಬಂದವನನ್ನು ಹಾಡಿ ಇಳಿಸಿಕೊಳ್ಳುತ್ತದಂತೆ. ಅರ್ಧಕ್ಕೆ ಬಂದವನನ್ನು ಯಾರೂ ಬಯ್ಯುವುದಿಲ್ಲ. ಹಾಡುವುದಿಲ್ಲ, ಅಷ್ಟೆ. ಇವನ ಅಣ್ಣ ಹಾಗೆ ಅರ್ಧಕ್ಕೆ ಬಂದವನು. ಮನೆಯವರೆಲ್ಲ ಅವನನ್ನು ಪ್ರೀತಿಯಿಂದಲೇ ಇಟ್ಟುಕೊಂಡಿದ್ದಾರೆ, ಆದರೆ ಅವನು ಬೇರೆಯವರ ದೋಣಿ ಹತ್ತುವುದಿಲ್ಲ, ಒಬ್ಬನೇ ಮೀನಿಗೆ ಹೋಗುತ್ತಾನೆ, ಜನ ಮನೆ ಸೇರಿದ ಮೇಲೆ ದಂಡೆಗೆ ಬರುತ್ತಾನೆ. ಇವನೂ ಮರಳಿದರೆ ಆ ಮನೆಯಲ್ಲಿ ತಲೆ ತಗ್ಗಿಸಿದವರು ಇಬ್ಬರಾಗುತ್ತಾರೆ. ಅದಕ್ಕೇ ಹುಡುಗ ಹೋಗಲೂ ಆರ, ಇರಲೂ ಆರ.

ಎಳ್ಳಮಾವಾಸ್ಯೆಗೆ ಅವರನ್ನು ನಮ್ಮ ಹೊಲಕ್ಕೆ ಕರೆದುಕೊಂಡು ಹೋದೆವು. ಊರ ಹೊರಗಿನ ಎರಿಭೂಮಿ ನೋಡದವರಿಗೆ ಹೇಳುವುದು ಕಷ್ಟ. ಗಿಡವಿಲ್ಲ, ಗುಡ್ಡವಿಲ್ಲ. ಕಣ್ಣು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಹಸಿರು ಕಡಲೆ, ನಡುವೆ ಹಳದಿ ಕುಸುಬಿ, ಅದರಾಚೆ ಆಕಾಶ ಬಗ್ಗಿ ನೆಲಕ್ಕೆ ತಾಗಿದ ಕಡೆ ಒಂದು ನೀಲಿ ಹೊಗೆ. ಗಾಳಿ ಬಂದರೆ ಗೋಧಿಯ ಮೇಲೆ ಯಾರೋ ಕೈಯಾಡಿಸಿಕೊಂಡು ನವಲಗುಂದದ ಕಡೆ ಹೋದ ಹಾಗೆ. ಹುಡುಗ ಬದುವಿನ ಮೇಲೆ ನಿಂತೇಬಿಟ್ಟ. ಏನೋ ಹೇಳಿದ.

"ಇದು ನಮ್ಮದೇ ಸಮುದ್ರ, ಸಪ್ಪಳ ಮಾತ್ರ ಯಾರೋ ಕದ್ದಿದ್ದಾರೆ ಅಂತಾನೆ," ಎಂದ ಜೋಡಿಯವನು.

ಹೊಲದ ಮೂಲೆಯಲ್ಲಿ ಕೃಷಿ ಹೊಂಡವಿದೆ. ಆ ವರ್ಷ ಅಂಚಿನವರೆಗೆ ನೀರಿತ್ತು. ನೀರು ಕಂಡದ್ದೇ ಹುಡುಗ ಊಟ ಬಿಟ್ಟು ಎದ್ದ. ಹೋಗಿ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತ. ಬೆರಳು ಅದ್ದಿ ನೆಕ್ಕಿದ. ಉಪ್ಪಿಲ್ಲದ್ದಕ್ಕೋ ಏನೋ, ತಲೆ ತಗ್ಗಿಸಿದ. ಆದರೆ ಮೈ ಮಾತ್ರ ಮುಂದಕ್ಕೆ ಬಾಗಿಯೇ ಇತ್ತು. ತೆರೆದ ಬಾಗಿಲಲ್ಲಿ ಕಟ್ಟಿ ಹಾಕಿದ ಹಸು ಹುಲ್ಲಿನ ಬಣವೆ ನೋಡುವಾಗ ಹೀಗೆ ಬಾಗಿರುತ್ತದೆ.

"ಬೀಳಪಾ ಪೈಲ್ವಾನ! ಯಾರ್ ನೋಡತಾರ? ಒಂದ ಮುಳುಗು ಹೊಡದು ಬಾ!" ಎಂದು ನಾನು ಕೂಗಿದೆ.

ಸೇವೆಯ ಎರಡು ವರ್ಷ ಈಜುವಂತಿಲ್ಲವಂತೆ. ಅದೂ ಒಂದು ನೇಮ. ಸಮುದ್ರದಲ್ಲಿ ಹುಟ್ಟಿದವನಿಗೆ ಇಂಥ ನೇಮ! ಜೋಡಿಯವನು ದೂರದಲ್ಲಿ ನನ್ನ ಹೆಂಡತಿಯ ಜೊತೆ ಬುತ್ತಿ ಬಿಚ್ಚುತ್ತಿದ್ದ, ಇತ್ತ ನೋಡುತ್ತಿರಲಿಲ್ಲ. ಮನಸ್ಸಿನಲ್ಲಿ ಮೂಟೆ ಕಟ್ಟಿ ಹೊರಟುನಿಂತ ಹುಡುಗನಿಗೆ ಇನ್ನು ನೇಮ ಮುರಿದರೆ ಕಳೆದುಕೊಳ್ಳುವುದು ಏನಿತ್ತು? ನಾನು ನೋಡುತ್ತ ನಿಂತೆ. ಅವನು ಬಹಳ ಹೊತ್ತು ಹಾಗೆಯೇ ಕೂತಿದ್ದ. ಆಮೇಲೆ ಎದ್ದು, ಒದ್ದೆ ಬೆರಳನ್ನು ಅಂಗಿಗೆ ಒರೆಸಿಕೊಂಡು, ನೀರಿನ ಕಡೆ ಒಮ್ಮೆ ತಲೆ ಬಾಗಿಸಿ, ಬಂದು ಸಜ್ಜೆರೊಟ್ಟಿ ತಿಂದ.

ನನಗೆ ಅಲ್ಲೇ ಲೆಕ್ಕ ತಿರುಗಿತು. ಇದು ಬಿಟ್ಟು ಹೋಗುವ ಗಿರಾಕಿ ಅಲ್ಲ.

ಮರುದಿನ ಬೆಳಿಗ್ಗೆ ಜೋಡಿಯವನು ಅಂಗಡಿಗೆ ಇಳಿದು ಬಂದ. ಅವನ ಮುಖವೇ ಬಾಡಿತ್ತು. "ಬ್ಯಾಗ್ ಕಟ್ಟಿದ್ದಾನೆ ಸಾರ್. ಇವತ್ತು ದೊಡ್ಡವರಿಗೆ ಫೋನ್ ಮಾಡಿ ಹೇಳ್ತಾನಂತೆ. ನನ್ನ ಮಾತು ಕೇಳ್ತಿಲ್ಲ. ನೀವೊಂದ್ಸಲ..."

ನನಗೆ ಅವನ ಭಾಷೆ ಬಾರದು, ಅವನಿಗೆ ನನ್ನದು. ಆದರೆ ನಮ್ಮ ಕಸುಬಿನಲ್ಲಿ ಮಾತೇ ಬೇಡದ ಒಂದು ರೀತಿ ಇದೆ. ಹಿಂದೆ ಕಾಳಿನ ಪೇಟೆಯಲ್ಲೂ ಇತ್ತು, ಈಗ ದನದ ಸಂತೆಯಲ್ಲಿ ಉಳಿದಿದೆ. ಕೊಳ್ಳುವವನೂ ಮಾರುವವನೂ ಒಂದು ಟವೆಲ್ಲಿನ ಕೆಳಗೆ ಕೈ ಕೂಡಿಸುತ್ತಾರೆ. ಬೆರಳು ಹಿಡಿದು ದರ ಹೇಳುವುದು, ಬೆರಳು ಬಿಟ್ಟು ಒಲ್ಲೆ ಎನ್ನುವುದು. ಸುತ್ತಲಿನ ಮಂದಿಗೆ ಟವೆಲ್ ಅಲ್ಲಾಡುವುದು ಮಾತ್ರ ಕಾಣುತ್ತದೆ. ಸೌದಾ ಕುದುರಿದರೆ ಇಬ್ಬರೂ ಚಹ ಕುಡಿಯುತ್ತಾರೆ, ಅಲ್ಲಿಗೆ ಪಕ್ಕಾ.

ಮೇಲಿನ ಕೋಣೆಗೆ ಹೋದೆ. ಹುಡುಗ ಮಂಚದ ಅಂಚಿನಲ್ಲಿ ಕೂತಿದ್ದ, ಮಂಚ ಅವನ ಕಡೆಗೆ ವಾಲಿತ್ತು. ನಾನು ಎದುರಿಗೆ ಡಬ್ಬದ ಮೇಲೆ ಕೂತು, ಹೆಗಲ ಮೇಲಿನ ಟವೆಲ್ ತೆಗೆದು ಬಲಗೈ ಮೇಲೆ ಹೊದಿಸಿ ಚಾಚಿದೆ.

"ಒಂದ್ ಬಟ್ಟು ಅಂದ್ರ ಒಂದ್ ಸಂತಿ. ಇಷ್ಟ್ ಸಂತಿ ತನಕ ಇರತೀಯೇನು ಅಂತ ಕೇಳಾಕತ್ತೀನಿ. ಅಷ್ಟ ಹೇಳಿ ನೀ ಸುಮ್ಕಿರು," ಎಂದೆ ಜೋಡಿಯವನಿಗೆ.

ಹುಡುಗನ ಕೈ ಒಳಗೆ ಬಂತು. ಟವೆಲ್ ಸಾಲದಾಯಿತು. ನಾನು ಅವನ ನಾಲ್ಕು ಬೆರಳು ಹಿಡಿದೆ. ಅವನು ಕೈ ಕಿತ್ತುಕೊಂಡ. ಸ್ವಲ್ಪ ಹೊತ್ತಿಗೆ ತಾನೇ ಕೈ ಒಳಗೆ ತಂದು ನನ್ನ ಕಿರುಬೆರಳಿನ ತುದಿಯನ್ನಷ್ಟೇ ಹಿಡಿದ. ಅರ್ಧ ಸಂತೆ! ನನಗೆ ನಗು ತಡೆಯಲಾಗಲಿಲ್ಲ. ಈ ಕಸುಬಿನಲ್ಲಿ ಮುಖ ಕಲ್ಲಾಗಿರಬೇಕು, ಆದರೆ ಅವನ ಮುಖದ ಮೇಲೆ ಒಳಗಿನ ದರವೆಲ್ಲ ತೆರೆದು ಬಿದ್ದಿತ್ತು. ನಾನು ಮೂರು ಹಿಡಿದೆ. ಅವನು ಒಂದು ಹಿಡಿದ. ನಾನು ಮತ್ತೆ ಮೂರೇ ಹಿಡಿದು ಬಿಡದೆ ಕೂತೆ. ಇಂಥಲ್ಲಿ ಅವಸರ ಮಾಡಬಾರದು. ಎದುರಿನವನ ನಾಡಿ ನಿಮ್ಮ ಬೆರಳಿಗೆ ತಾಗುತ್ತಿರುತ್ತದೆ, ಅದನ್ನು ಕೇಳುತ್ತ ಕೂರಬೇಕು. ಕಿಟಕಿಯ ಬಿಸಿಲು ಟವೆಲ್ಲಿನ ಮೇಲೆ ಬಿದ್ದು ಮೆಲ್ಲಗೆ ಸರಿಯುತ್ತಿತ್ತು. ಅವನ ನಾಡಿ ಮೊದಲು ಓಡುತ್ತಿತ್ತು, ಆಮೇಲೆ ನಡೆಯತೊಡಗಿತು. ಕೊನೆಗೆ ಅವನ ದೊಡ್ಡ ಬೆರಳುಗಳು ನನ್ನ ಎರಡು ಬೆರಳನ್ನು ಸುತ್ತಿದವು. ನಿಂತವು. ಇನ್ನೊಂದನ್ನೂ ಸೇರಿಸಿಕೊಂಡವು.

ಹೋಗುವವನು ಚೌಕಾಶಿಗೆ ಕೂರುವುದಿಲ್ಲ. ಕೂತ ಅಂದರೆ ಉಳಿಯಲು ಯಾರಾದರೂ ಒಂದು ನೆಪ ಕೊಡಲಿ ಎಂದು ಕಾಯುತ್ತಿದ್ದಾನೆ. ಮನುಷ್ಯರ ಜೊತೆ ವ್ಯವಹಾರ ಮಾಡುವವರು ಈ ಒಂದನ್ನು ತಿಳಿದಿರಬೇಕು.

ಸೌದಾ ಆಯಿತು, ಆದರೆ ಚಹ? ಚಹವಿಲ್ಲದ ಸೌದಾ ನಮ್ಮಲ್ಲಿ ಕಚ್ಚಾ. ಕೆಳಗೆ ಬಂದು ಹೆಂಡತಿಗೆ ಹೇಳಿದೆ. ಸಂಜೆ ಅವಳು ಮೇಲಿನ ಕೋಣೆಯ ಕಡೆ ಕೂಗಿದಳು, "ಏ ತಮ್ಮಾ, ನಿಂದೊಂದು ಬಿಳಿ ಅಂಗಿ ಕೊಡೊ. ತೆಳ್ಳಂದು."

ಕಡಲೆ ಗಿಡದ ಎಲೆಯ ಮೇಲೆ ಚಳಿಗಾಲದಲ್ಲಿ ಬೀಳುವ ಇಬ್ಬನಿ ಹುಳಿಯಾಗಿರುತ್ತದೆ. ಇಳಿಹೊತ್ತಿಗೆ ಗಿಡಗಳ ಮೇಲೆ ಬಿಳಿ ಬಟ್ಟೆ ಹಾಸಿ ಬಂದು, ನಸುಕಿನಲ್ಲಿ ಹೋಗಿ ಹಿಂಡಿದರೆ ಬಟ್ಟಲಿಗೆ ಹುಳಿ ಬರುತ್ತದೆ. ಹೊಟ್ಟೆನೋವಿಗೆ ನಮ್ಮ ಹೆಂಗಸರು ಅದನ್ನು ಶೀಸೆಯಲ್ಲಿ ತುಂಬಿ ಇಡುತ್ತಾರೆ. ಹುಳಿ ಬಟ್ಟೆಯನ್ನೂ ತಿನ್ನುತ್ತದೆ. ಅವಳು ಹಾಸುತ್ತಿದ್ದ ಹಳೆಯ ಪಂಚೆ ತೂತಾಗಿ ಹೋಗಿತ್ತು.

ಮರುದಿನ ಬೆಳಕು ಹರಿಯುವಾಗ ನಾವು ನಾಲ್ವರೂ ಹೊಲದಲ್ಲಿದ್ದೆವು. ಮಂಜು ಎಷ್ಟಿತ್ತೆಂದರೆ ಬದುವು ಕಾಣುತ್ತಿರಲಿಲ್ಲ, ನಮ್ಮ ಮೊಣಕಾಲೂ ಕಾಣುತ್ತಿರಲಿಲ್ಲ. ಎಲ್ಲೋ ಒಂದು ಟ್ರ್ಯಾಕ್ಟರ್ ಶಬ್ದ ಮಾಡುತ್ತ ಎಲ್ಲಿಗೂ ಹೋಗದೆ ಇತ್ತು. ಆ ಬೆಳ್ಳನೆಯದರ ನಡುವೆ ಕಡಲೆಯ ಮೇಲೆ ಅಂಗಿ ಬಿದ್ದಿತ್ತು, ಎರಡೂ ತೋಳು ಅಗಲಿಸಿಕೊಂಡು. ಗಿಡಗಳು ಅಲುಗಿದಾಗ ಅಂಗಿಯೂ ಮೆಲ್ಲಗೆ ಏರಿ ಇಳಿಯುತ್ತಿತ್ತು. ಹುಡುಗ ನೋಡುತ್ತ ನಿಂತ. ಏನೋ ಹೇಳಿದ.

"ಅವರಣ್ಣ ದೋಣಿ ಬಿಟ್ಟು ನೀರಿನ ಮೇಲೆ ಹೀಗೇ ಮಲಗಿರ್ತಾನಂತೆ," ಎಂದ ಜೋಡಿಯವನು.

ನನ್ನ ಹೆಂಡತಿ ಅಂಗಿಯನ್ನು ಹಿಂಡಿ, ಆ ಹುಳಿಗೆ ನೀರು, ಚಿಟಿಕೆ ಉಪ್ಪು ಬೆರೆಸಿ ಬಟ್ಟಲನ್ನು ಅವನ ಮುಂದೆ ಹಿಡಿದಳು. ಹುಡುಗ ಜೋಡಿಯವನ ಮುಖ ನೋಡಿದ, ಇದು ನೇಮದಲ್ಲಿ ಬರುತ್ತದೋ ಎಂದು. ಅವನು ಯೋಚಿಸಿದ. ಹೊಲದ ಇಬ್ಬನಿಯ ಬಗ್ಗೆ ಅವರ ಹಿರಿಯರು ಏನೂ ಹೇಳಿರಲಿಲ್ಲ. ಹುಡುಗ ಎರಡೂ ಕೈಯಲ್ಲಿ ಬಟ್ಟಲು ತೆಗೆದುಕೊಂಡು ಒಂದು ದೊಡ್ಡ ಗುಟುಕು ಕುಡಿದ. ಅವನ ಕಣ್ಣು, ಮೂಗು, ಕಿವಿ ಎಲ್ಲಾ ಒಂದೇ ಕಡೆ ಸೇರಿದವು.

ಅವಳು ನಕ್ಕಳು. ಸೆರಗು ಬಾಯಿಗಿಟ್ಟುಕೊಂಡು, ಮಂಜಿನಲ್ಲಿ ಕಾಣದಾಗುವಷ್ಟು ಬಗ್ಗಿ ನಕ್ಕಳು. "ಪಕ್ಕಾ ಆತ ನೋಡ್ರಿ ನಿಮ್ಮ ಸೌದಾ," ಎಂದಳು. ಉಳಿದದ್ದನ್ನು ನಾನು ಕುಡಿದೆ.

ಕೊಟ್ಟ ಮಾತಿನಂತೆ ಹುಡುಗ ಉಳಿದ, ಆದರೆ ನಿದ್ದೆ ಮಾತ್ರ ಬರಲಿಲ್ಲ. ಮೊದಲ ಸಂತೆ ಕಳೆಯಿತು. ಅದಾದ ಮೇಲೆ ಒಂದು ದಿನ ಹಳೆಯ ದಾಸ್ತಾನಿನ ಕಡಲೆಯನ್ನು ಹಸನು ಮಾಡಲು ಸಾಣಿಗೆ ಯಂತ್ರ ಹಚ್ಚಿದ್ದೆವು. ಇಳಿಜಾರಾದ ಉದ್ದನೆಯ ತಗಡಿನ ಜರಡಿ ಅದು. ಮೇಲಿನಿಂದ ಚೀಲ ಸುರಿದರೆ ಕಾಳು ಸಪ್ಪಳ ಮಾಡುತ್ತ ಹರಡಿಕೊಂಡು ಇಳಿಯುತ್ತದೆ, ಜರಡಿ ಹಿಂದಕ್ಕೆಳೆದಾಗ ತುಸು ತಡೆಯುತ್ತದೆ, ಮತ್ತೆ ಇಳಿಯುತ್ತದೆ. ಹುಡುಗ ಹುಸೇನಸಾಬನಿಗೆ ಕೈ ಹಚ್ಚಲು ಬಂದವನು ಭುಜದ ಮೇಲಿನ ಚೀಲ ಹಾಗೆಯೇ ಹೊತ್ತು ನಿಂತುಬಿಟ್ಟ. ಬಾಯಿ ಸ್ವಲ್ಪ ತೆರೆದಿತ್ತು. ಕಣ್ಣು ಮುಚ್ಚಿದ್ದ. ಚೀಲ ಇಳಿಸಿ, ಯಂತ್ರದ ಬಾಜುಕ್ಕಿದ್ದ ಚೀಲಗಳ ಥಪ್ಪಿಗೆ ಒರಗಿ ಕೂತ. ಸ್ವಲ್ಪ ಹೊತ್ತಿಗೆ ಅವನ ತಲೆ ಎದೆಗೆ ಬಿತ್ತು.

"ಬಿದ್ದ ಪೈಲ್ವಾನ!" ಎಂದ ಹುಸೇನಸಾಬ, ಮೆಲುದನಿಯಲ್ಲಿ.

ಕಡಲೆ ಮುಗಿಯಿತು. ಯಂತ್ರ ನಿಲ್ಲಿಸಿದರೆ ಅವನು ಏಳುತ್ತಾನೆ. ನಾನು ಹುಸೇನಸಾಬನಿಗೆ ಕಣ್ಸನ್ನೆ ಮಾಡಿದೆ.

"ಹಸನಾದ ಕಾಳ್ರಿ ಮಾಲಕ್ರ, ಮತ್ತ್ಯಾಕ?"

"ಸುರೀಲೇ ಸುಮ್ನ."

ಅಂದಿನಿಂದ ಮಧ್ಯಾಹ್ನ ಊಟವಾದ ಮೇಲೆ ನಮ್ಮ ಗೋದಾಮಿನಲ್ಲಿ ಸಾಣಿಗೆ ತಿರುಗುತ್ತಿತ್ತು. ಹುಡುಗ ಮಲಗುತ್ತಿದ್ದ, ಜೋಡಿಯವನು ಬಾಜುಕ್ಕೆ ಕೂತು ಕನ್ನಡ ಓದಲು ಕಲಿಯುತ್ತಿದ್ದ, ಧೂಳು ಬಿಸಿಲುಕೋಲಿನಲ್ಲಿ ಏರುತ್ತಿತ್ತು. ಆ ತಿಂಗಳು ಅಣ್ಣಿಗೇರಿ ಪೇಟೆಯಲ್ಲಿ ನನ್ನ ಕಡಲೆಯಷ್ಟು ಹಸನಾದ ಕಡಲೆ ಇರಲಿಲ್ಲ. ಗದಗಿನ ಗಿರಾಕಿಯೊಬ್ಬ ಮುಷ್ಟಿಯಲ್ಲಿ ಹಿಡಿದು ನೋಡಿ, ಏನು ಹೊಸ ಮಷೀನ್ ತರಿಸಿದಿರಾ ಎಂದು ಕೇಳಿದ. ವ್ಯಾಪಾರದ ಗುಟ್ಟು ಹೇಳಬಾರದು ಎಂದು ಸುಮ್ಮನಾದೆ.

ನಿದ್ದೆ ಬಂದ ಮೇಲೆ ನಗುವೂ ಹೊಟ್ಟೆಗೆ ಮರಳಿತು. ಒಂದು ದಿನ ಹುಡುಗ ಗೋದಾಮಿನ ಮೂಲೆಯ ಹೊಟ್ಟಿನ ರಾಶಿಯ ಮೇಲೆ ಅಂಗಾತ ಬಿದ್ದು, ನಮಗೆ ತೇಲುವುದನ್ನು ಕಲಿಸಿದ. ಕೈಕಾಲು ಬಡಿಯಬಾರದು. ತೋಳು ಅಗಲಿಸಿ, ಗದ್ದ ಮೇಲೆತ್ತಿ, ಉಸಿರು ತುಂಬಿಕೊಂಡು ಸುಮ್ಮನಿದ್ದರೆ ಸಮುದ್ರವೇ ಹೊರುತ್ತದಂತೆ. ಹುಸೇನಸಾಬ ತೇಲಿದ. ನಾನೂ ತೇಲಿದೆ. ಜೀವಮಾನದಲ್ಲಿ ಹಗಲುಹೊತ್ತು ಅಂಗಡಿಯಲ್ಲಿ ನಾನು ಮಲಗಿದ್ದು ಅದೊಂದೇ ಸಲ. ತೊಲೆಯ ಮೇಲಿನ ಪಾರಿವಾಳಗಳು ನಮ್ಮನ್ನು ಬಗ್ಗಿ ನೋಡುತ್ತಿದ್ದವು.

ಮಾತಾಡಿಕೊಂಡ ಕೊನೆಯ ಸಂತೆಯ ದಿನ ಬಂತು. ಅಂಗಡಿಯ ಮುಂದೆ, ಮಂದಿಯ ನಡುವೆ, ನಾನು ಮತ್ತೆ ಟವೆಲ್ ಹೊದಿಸಿ ಕೈ ಚಾಚಿದೆ. ಇನ್ನೆಷ್ಟು ಹಿಡಿಯಬೇಕೆಂದು ಮನಸ್ಸಿನಲ್ಲಿ ತಯಾರಾಗಿಯೇ ಇದ್ದೆ. ಹುಡುಗ ಕೈ ಒಳಗೆ ತರಲಿಲ್ಲ. ಟವೆಲ್ಲನ್ನೇ ಎತ್ತಿ, ಝಾಡಿಸಿ, ನನ್ನ ಹೆಗಲ ಮೇಲೆ ಹಾಕಿದ. ಆಮೇಲೆ ಎಲ್ಲರಿಗೂ ಕಾಣುವ ಹಾಗೆ ನನ್ನ ಕೈ ಹಿಡಿದು ಕುಲುಕಿದ. ನಮ್ಮ ಕಸುಬಿನಲ್ಲಿ ಟವೆಲ್ ತೆಗೆದರೆ ಚೌಕಾಶಿ ಮುಗಿಯಿತು ಎಂದರ್ಥ. ಅದನ್ನು ಅವನಿಗೆ ಯಾರು ಹೇಳಿಕೊಟ್ಟರೋ. ಹುಸೇನಸಾಬನನ್ನು ಕೇಳಿದರೆ ಅಲ್ಲಾನ ಆಣೆ ನಾನಲ್ಲ ಎಂದ.

ಅದೇ ವಾರ ಅವರ ದೊಡ್ಡವರಿಂದ ಫೋನು ಬಂತು. ಹುಡುಗನನ್ನು ಉತ್ತರದ ಯಾವುದೋ ಶಹರಕ್ಕೆ, ಬೇರೆ ಜೋಡಿಯ ಜೊತೆಗೆ ಹಾಕಿದ್ದರು. ಆಗಾಗ ಹೀಗೆ ಜಾಗ ಬದಲಿಸುವುದು ಅವರ ಪದ್ಧತಿ, ಒಲ್ಲೆ ಎನ್ನುವಂತಿಲ್ಲ. ನಾನು ಬೆರಳು ನೋಯುವ ಹಾಗೆ ಹಿಡಿದು ಉಳಿಸಿಕೊಂಡ ಮಾಲು ಬೇರೆ ಪೇಟೆಗೆ ಹೋಯಿತು ಎಂದುಕೊಂಡೆ. ವ್ಯಾಪಾರದಲ್ಲಿ ಇದು ಇದ್ದದ್ದೇ. ಆದರೂ ಆ ದಿನ ಯಾರೊಂದಿಗೂ ಸರಿಯಾಗಿ ದರ ಮಾತಾಡಲಿಲ್ಲ.

ರೈಲು ನಿಲ್ದಾಣಕ್ಕೆ ನಾವು ಹೋದೆವು. ನರ್ಸಬಾಯಿಯನ್ನೂ ಆಟೋದಲ್ಲಿ ಕೂರಿಸಿ ತಂದಿದ್ದೆವು. ಅವನು ಕಡಲೆಯ ಮೇಲೆ ಹಾಸಿದ ಅಂಗಿಯನ್ನೇ ತೊಟ್ಟಿದ್ದ. ಹುಳಿ ತಿಂದು ಅಲ್ಲಲ್ಲಿ ಸಾಸಿವೆಯಷ್ಟು ತೂತು, ಬೆಳಕು ಹಾಯುತ್ತಿತ್ತು. ನನ್ನ ಹೆಂಡತಿ ರೊಟ್ಟಿ, ಶೇಂಗಾ ಹಿಂಡಿಯ ಗಂಟನ್ನು ಕೈಗಿಟ್ಟಳು. ಇಡುವಾಗ, ನನ್ನ ಜೊತೆ ಬಾಳಿ ಅವಳಿಗೂ ಬುದ್ಧಿ ಹೇಳುವ ಚಟ ಅಂಟಿದೆಯೇನೋ, ಜೋಡಿಯವನಿಗೆ ಹೇಳಿದಳು:

"ಅವಂಗ ಬಿಡಿಸಿ ಹೇಳಪಾ. ಹ್ವಾದಲ್ಲೆ ಯಾರರೇ ಚಾ ತಂದ್ರ, ಮದಲ ಅವರ ಮನೀ ನೀರು ಕೇಳಿ ಕುಡೀ ಅನ್ನು. ಕುಡದ ಮ್ಯಾಲೆ ಚಾ ಒಲ್ಲೆ ಅನ್ನಲಿ. ಅಂದ್ರ ಅವರ ಮನಸಿಗೆ ಹತ್ತಂಗಿಲ್ಲ."

ಜೋಡಿಯವನು ಹೇಳಿದ. ಹುಡುಗ ಅವಳ ಮುಂದೆ ತಲೆ ಬಾಗಿಸಿದ. ರೈಲು ಬಂದಾಗ ಅದರ ಬಾಗಿಲು ಎತ್ತರವಿದ್ದರೂ ಬಗ್ಗಿಯೇ ಹತ್ತಿದ. ನಮ್ಮ ಗೋದಾಮು ಅವನಿಗೆ ಕಲಿಸಿದ್ದು ಅದೊಂದಾದರೂ ಇತ್ತು.

ಆಮೇಲೆ ಅವನ ಸುದ್ದಿ ಬರಲಿಲ್ಲ. ಸುದ್ದಿ ಬರದಿದ್ದರೆ ಒಳ್ಳೆಯದೇ ಆಗಿದೆ ಎಂದು ತಿಳಿಯಬೇಕು ಎಂದು ಹೆಂಡತಿಗೆ ಹೇಳುತ್ತಿದ್ದೆ. ಕಡಲೆ ಬಂತು, ಹೋಯಿತು, ಮತ್ತೆ ಬಂತು. ಹುಳಿ ಹಿಂಡುವಾಗೆಲ್ಲ ಅವಳು ಅವನ ಮಾತು ತೆಗೆಯುತ್ತಿದ್ದಳು. ಅರ್ಧಕ್ಕೇನಾದರೂ ಹೋದನೋ ಎಂಬ ಒಂದು ಹರಳು ನನ್ನೊಳಗೂ ಉಳಿದಿತ್ತು. ಎಷ್ಟು ಸಾಣಿಸಿದರೂ ಬೀಳದ ಹರಳು.

ಈ ಸುಗ್ಗಿಯಲ್ಲಿ ಒಂದು ದಿನ ಆಂಧ್ರದ ಹುಡುಗನ ಫೋನು. ಈಗ ಅವನು ತನ್ನ ಊರಿನಲ್ಲಿ ನೌಕರಿಗಿದ್ದಾನೆ. "ಸಾರ್, ಅವನು ಎರಡು ವರ್ಷ ಮುಗಿಸಿದ. ಮನೆ ಮುಟ್ಟಿದ. ಊರೆಲ್ಲ ದಂಡೆಗೆ ಬಂದಿತ್ತಂತೆ."

"ಹಾಡಿದ್ರೇನು?"

"ಹಾಡಿದ್ರು ಸಾರ್. ಅವರಣ್ಣ ಎದೆಮಟ್ಟ ನೀರಿಗೆ ಇಳಿದು, ಎಲ್ಲರಿಗಿಂತ ಮುಂದೆ ಬಂದು ದೋಣಿ ಹಿಡಿದನಂತೆ. ನಿಮಗೆ ಅಂತ ಒಂದು ಕಳಿಸಿದ್ದಾನೆ, ಈಗ ಹಾಕ್ತೀನಿ."

ಬಂದದ್ದು ಬರೀ ಧ್ವನಿ. ಹಾಡಿರಬಹುದು, ಮಾತಿರಬಹುದು ಎಂದು ಫೋನನ್ನು ಗಟ್ಟಿ ಮಾಡಿ, ಎದುರಿಗಿದ್ದ ಕಡಲೆ ರಾಶಿಯ ಮೇಲಿಟ್ಟೆ. ಮಾತಿಲ್ಲ. ಏನೋ ಹರಡಿಕೊಂಡು ಇಳಿಯುತ್ತದೆ, ತುಸು ತಡೆಯುತ್ತದೆ, ಮತ್ತೆ ಇಳಿಯುತ್ತದೆ. ಮಧ್ಯಾಹ್ನದ ಬಿಸಿಲು ಬಾಗಿಲಿನಿಂದ ಒಳಗೆ ಬಂದು ರಾಶಿಯ ಬುಡಕ್ಕೆ ಮುಟ್ಟಿತ್ತು. ನಾನು ಗಾದಿಗೆ ಒರಗಿ, ತೋಳು ಅಗಲಿಸಿ, ಗದ್ದ ಮೇಲೆತ್ತಿದೆ.

ಒಳಗಿನಿಂದ ಹುಸೇನಸಾಬ ಕೂಗಿದ. "ಮಾಲಕ್ರ! ಸಾಣಗಿ ಯಾರ್ ಚಾಲೂ ಮಾಡ್ಯಾರ್ರಿ? ಖಾಲಿ ತಿರಗಾಕತ್ತೇತಿ, ತಗಡ ಸವದ ಹೊಕ್ಕೇತಿ! ತಡೀರಿ, ಕಡ್ಲಿ ಸುರೂತೀನಿ!"

ಚೀಲ ಹೊತ್ತು ಓಡಿಬಂದ. ಸಾಣಿಗೆಯನ್ನು ತಿರುಗಿಸುವ ಬೆಲ್ಟು ಬಿಚ್ಚಿ ಗೂಟಕ್ಕೆ ನೇತುಹಾಕಿತ್ತು. ಹುಸೇನಸಾಬ ಚೀಲ ಇಳಿಸದೆ, ನಿಂತ ಯಂತ್ರದ ಮುಂದೆ ನಿಂತು, ಕೇಳುತ್ತಲೇ ಇದ್ದ.